ಮೂಕ ಯಂತ್ರದ ತಬಲಜಿ

ಒಬ್ಬ ವ್ಯಕ್ತಿಯನ್ನು ನೆನೆಯುವಾಗ ಅವರ ಮುಖದಿಂದ ಆರಂಭಿಸುವುದು ವಾಡಿಕೆ. ಕಾಕಾ ಅವರ ವಿಷಯದಲ್ಲಿ ನನಗೆ ಅದು ಸಾಧ್ಯವಾಗುತ್ತಿಲ್ಲ. ನಾನು ಅವರ ಎದುರಿಗೆ ಕುಳಿತದ್ದಕ್ಕಿಂತ ಅವರಿಗೆ ಬೆನ್ನು ಮಾಡಿ ನಿಂತದ್ದೇ ಹೆಚ್ಚು. ಅವರು ನನ್ನ ಹಿಂದೆ ಮರದ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ನನ್ನ ಎದುರಿಗೆ ವಿಡಿಯೋ ಗೇಮಿನ ಗಾಜು ಮಿನುಗುತ್ತಿರುತ್ತಿತ್ತು. ಆದ್ದರಿಂದ ನನ್ನ ನೆನಪಿಗೆ ಅವರು ಮೊದಲು ಶಬ್ದವಾಗಿ ಬರುತ್ತಾರೆ. ಮುಖ, ಟೊಪ್ಪಿಗೆ, ಎಲೆ ಅಡಿಕೆಯ ಕೆಂಪು ತುಟಿ, ಇವೆಲ್ಲ ಆಮೇಲೆ ಒಂದೊಂದಾಗಿ ಸೇರಿಕೊಳ್ಳುತ್ತವೆ.

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಬಸವಕಲ್ಯಾಣದ ಬಸ್ಸಿನ ಒಬ್ಬ ಕಂಡಕ್ಟರರು. ಅವರೂ ಒಂದು ಕಾಲಕ್ಕೆ ಕಾಕಾ ಅವರ ಅಂಗಡಿಯ ಕಾಯಂ ಗಿರಾಕಿ. ಕಳೆದ ತಿಂಗಳು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು, ಟಿಕೆಟ್ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹತ್ತಿರ ಬಂದರು.

"ಬಿ.ಎ. ಸಾಹೇಬ್ರ, ನಿಮ್ಮ ತಬಲಜಿ ಹೋದ್ರಲ್ರಿ."

"ಎಲ್ಲಿಗೆ?" ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ಇಂಥ ಮಾತಿಗೆ ಇಂಥ ಉತ್ತರ ಕೊಟ್ಟ ಪದವೀಧರ ಹುಮನಾಬಾದ್ ತಾಲೂಕಿನಲ್ಲಿ ಇನ್ನೊಬ್ಬನಿರಲಾರ. ಕಾಗದದ ಮೇಲೆ ನಾನು ತಪ್ಪು ಮಾಡುವುದು ಅಪರೂಪ; ತಪ್ಪೆಲ್ಲ ಬಾಯಿಯಲ್ಲಿಯೇ ಆಗುತ್ತದೆ. ಅಂದಿನಿಂದ ಈ ಬರಹವನ್ನು ನಾಲ್ಕು ಬಾರಿ ಆರಂಭಿಸಿ ನಾಲ್ಕು ಬಾರಿ ಹರಿದುಹಾಕಿದ್ದೇನೆ. ಪ್ರತಿ ಸಲವೂ ಭಾಷೆ ಶುದ್ಧವಾಗಿತ್ತು, ಕಾಕಾ ಮಾತ್ರ ಅದರಲ್ಲಿ ಇರಲಿಲ್ಲ.

ಅವರ ಊರು ಬಸವಕಲ್ಯಾಣ. ನಾಟಕ ಕಂಪನಿಗಳಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ತಬಲಾ ನುಡಿಸಿದವರು. ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತಮೇಲೆ ಕೆಲವು ಕಾಲ ಭಜನೆಗಳಿಗೆ ಸಾಥ್ ಕೊಟ್ಟು, ಕೊನೆಗೆ ಅದೂ ಕಡಿಮೆಯಾಗಿ ಮನೆಯಲ್ಲಿ ಕುಳಿತಿದ್ದರು. ಸೊಲ್ಲಾಪುರದಲ್ಲಿದ್ದ ಅವರ ಅಳಿಯ ಎರಡು ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ಲಾರಿಯಲ್ಲಿ ಹಾಕಿ ತಂದು, ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ಹಿಡಿದು, ಮಾವನನ್ನು ಅದರ ಮೇಲ್ವಿಚಾರಣೆಗೆ ಕೂರಿಸಿದ. ಕಾಕಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದರು. ಎಂಬತ್ತರ ದಶಕ ಅರ್ಧ ಕಳೆದಿದ್ದ ಕಾಲ. ನಮ್ಮ ಕಡೆ ಟಿ.ವಿ.ಯೇ ಹೊಸತು, ಆ ಯಂತ್ರಗಳನ್ನು ಜನ ಕಪಾಟಿನಲ್ಲಿ ಇಟ್ಟ ಸಿನಿಮಾ ಎಂದು ತಿಳಿದು ನೋಡಲು ಬರುತ್ತಿದ್ದರು.

ನಾನು ಆಗ ಅದೇ ಊರಿನಲ್ಲಿ ಅಂಗಡಿ ಮುಂಗಟ್ಟುಗಳಿಗೆ ಪರವಾನಿಗೆ ಕೊಡುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಕಚೇರಿಯ ಹೆಸರು ಇಲ್ಲಿ ಅನಗತ್ಯ. ನನ್ನ ಊರು ಘಾಟಬೋರಾಳ. ಅಪ್ಪ ಬೇರೆಯವರ ಹೊಲದಲ್ಲಿ ದುಡಿದವರು, ಹೆಬ್ಬೆಟ್ಟಿನ ಗುರುತು ಹಾಕುವವರು. ಯಾವುದೇ ಕಾಗದ ಕೈಗೆ ಬಂದರೂ ಮೊದಲು ಅದನ್ನು ಪಂಚೆಯಿಂದ ಒರೆಸಿದ ಕೈಯಲ್ಲಿ ಹಿಡಿದು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಆ ನೋಟದ ಕಾರಣದಿಂದಲೇ ನಾನು ಬರೆಯುವುದರಲ್ಲಿ ಒಂದು ಅಕ್ಷರ ತಪ್ಪಬಾರದು, ಒಂದು ಸಂಗತಿ ಬಿಟ್ಟುಹೋಗಬಾರದು ಎಂಬ ಹಟ ನನ್ನಲ್ಲಿ ಬೆಳೆಯಿತು. ಹಟ ಎನ್ನುವುದಕ್ಕಿಂತ ಹೆದರಿಕೆ ಎನ್ನುವುದು ಸರಿಯಾದೀತು.

ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ತಿಂದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ನಾನು ಆ ಮಳಿಗೆಗೆ ಹೋಗುತ್ತಿದ್ದೆ. ಲಾರಿ ಚಾಲಕರು, ಬಸ್ಸಿನ ಸಿಬ್ಬಂದಿ, ಬಸ್ಸು ತಪ್ಪಿಸಿಕೊಂಡ ಕಾಲೇಜಿನವರು ಆಡುವ ಆಟವನ್ನು ಸರ್ಕಾರಿ ನೌಕರನೊಬ್ಬ ಆಡುವುದು ಶೋಭಿಸದೆಂಬ ಅರಿವು ನನಗಿತ್ತು. ಆದರೂ ಹೋಗುತ್ತಿದ್ದೆ. ಹೆಸರು ಕೇಳಿದಾಗ ಹೆಸರಿನ ಜೊತೆಗೆ ಪದವಿಯನ್ನೂ ಹೇಳಿದ ತಪ್ಪಿಗೆ ಮೊದಲ ದಿನವೇ ಕಾಕಾ ನನಗೆ 'ಬಿ.ಎ. ಸಾಹೇಬ್ರು' ಎಂದು ನಾಮಕರಣ ಮಾಡಿದರು.

ಆಟ ಸರಳವಾದದ್ದು. ಗಾಜಿನ ಮೇಲ್ಭಾಗದಲ್ಲಿ ಜೀರುಂಡೆಗಳಂಥ ವೈರಿಗಳು ಸಾಲುಸಾಲಾಗಿ ನಿಂತಿರುತ್ತವೆ. ಅತ್ತಿತ್ತ ಸರಿಯುತ್ತ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತವೆ. ನಾವು ಕೆಳಗಿನಿಂದ ಗುಂಡು ಹಾರಿಸಬೇಕು. ಅವು ನೆಲ ಮುಟ್ಟಿದರೆ ಆಟ ಮುಗಿಯಿತು. ಇದಿಷ್ಟೇ ಆಗಿದ್ದರೆ ನಾನು ಎರಡನೆಯ ದಿನ ಹೋಗುತ್ತಿರಲಿಲ್ಲ. ಆದರೆ ಯಂತ್ರದ ಹೊಟ್ಟೆಯೊಳಗಿನಿಂದ ನಾಲ್ಕು ದಪ್ಪ ಪೆಟ್ಟುಗಳು ಮತ್ತೆ ಮತ್ತೆ ಕೇಳಿಬರುತ್ತಿದ್ದವು. ವೈರಿಗಳು ದೂರವಿದ್ದಾಗ ಆ ಪೆಟ್ಟುಗಳು ಆನೆ ನಡೆದಂತೆ ನಿಧಾನ. ವೈರಿಗಳು ಕಡಿಮೆಯಾದಂತೆ, ಹತ್ತಿರವಾದಂತೆ, ಅವೇ ಪೆಟ್ಟುಗಳು ಬಿರುಸಾಗಿ, ಕೊನೆಗೆ ನನ್ನ ಎದೆಯ ಬಡಿತ ಯಾವುದು, ಯಂತ್ರದ್ದು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ನನ್ನ ಕೈ ನಡುಗುತ್ತಿತ್ತು. ಪ್ರತಿ ದಿನವೂ ಅದೇ ಹಂತದಲ್ಲಿ, ಕೊನೆಯ ಐದಾರು ವೈರಿಗಳು ಉಳಿದಿರುವಾಗ ಸೋಲುತ್ತಿದ್ದೆ.

ಒಂದು ದಿನ ಕಾಕಾ ತಮ್ಮ ದಿಂಬಿನಿಂದ ಒಂದಿಷ್ಟು ಹತ್ತಿ ಕಿತ್ತು ನನ್ನ ಕೈಗಿಟ್ಟರು.

"ಕಿವಿಗೆ ತುರುಕ್ಕೊಂಡು ಆಡ್ರಿ."

ಆಡಿದೆ. ಕೈ ನಡುಗಲಿಲ್ಲ, ಎದೆ ಬಡಿಯಲಿಲ್ಲ. ಆದರೆ ಮೊದಲಿನದಕ್ಕಿಂತ ಬೇಗ ಸೋತೆ. ಅದಕ್ಕಿಂತ ಹೆಚ್ಚಾಗಿ, ಸೋತದ್ದಕ್ಕೆ ಏನೂ ಅನ್ನಿಸಲಿಲ್ಲ.

"ಹ್ಯಾಂಗಿತ್ತು?"

"ಜೀರುಂಡೆ ನೋಡಿದ ಹಾಗಿತ್ತು, ಕಾಕಾ."

ಅವರು ತೊಡೆ ತಟ್ಟಿಕೊಂಡು ನಕ್ಕರು. "ನೋಡ್ರಿ, ಖರೇ ಅಂದ್ರ ಅಲ್ಲಿ ಜೀರುಂಡಿನ ಅದಾವ. ಕಣ್ಣಿಗೆ ಅಷ್ಟ ಕಾಣ್ತದ. ಅವು ವೈರಿ ಅಂತ ಹೇಳಾದು ಕಿವಿ. ನಮ್ಮ ಕಂಪನೀದಾಗ ರಾಜಾನ ಕತ್ತಿ ಕಟಗೀದು, ಅದರ ಮ್ಯಾಲ ಬೇಗಡಿ ಕಾಗದ. ಮುಂದ ಕೂತ ಮಂದಿಗೆ ಅದು ಮಾಲೂಮ್ ಇತ್ತು. ಆದ್ರೂ ಹೆಣ್ಣಮಕ್ಕಳು ಕಣ್ಣ ಮುಚ್ಚತಿದ್ರು. ಯಾಕ? ಕತ್ತಿ ಅಲ್ರಿ, ಡಗ್ಗಾ! ಈ ಎಡಗೈ!"

ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ದೊಡ್ಡದಕ್ಕೆ ಡಗ್ಗಾ ಎನ್ನುತ್ತಾರೆ. ಅವರ ಎಡ ಅಂಗೈಯ ಬುಡ ಒರಟಾಗಿ, ಎತ್ತಿನ ಹೆಗಲಿನ ಚರ್ಮದಂತಿತ್ತು.

ಕಂಪನಿಯ ಕಥೆಗಳನ್ನು ಅವರು ವಿಶೇಷ ಬೇಸರವಿಲ್ಲದೆ ಹೇಳುತ್ತಿದ್ದರು. ಹಸ್ತಪತ್ರಿಕೆಗಳಲ್ಲಿ ರಾಜನ ಪಾತ್ರದವರ ಹೆಸರು, ರಾಣಿಯ ಹೆಸರು, ಕಾಲುಪೇಟಿ ನುಡಿಸುವ ಮಾಸ್ತರರ ಹೆಸರು, ಪರದೆ ಬರೆದವರ ಹೆಸರು, ಎಲ್ಲವೂ ಇರುತ್ತಿದ್ದವಂತೆ. ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ತಬಲಜಿಯ ಹೆಸರು ಅಚ್ಚಾಗಲಿಲ್ಲ.

"ನೀವು ಕೇಳಲಿಲ್ಲವೇ?" ಎಂದು ನಾನು ಸಿಟ್ಟಿನಿಂದ ಕೇಳಿದ್ದುಂಟು.

"ಕೇಳ್ದೆ ಒಮ್ಮಿ. ಮಾಲಕರು ಅಂದ್ರು, ಜಾಗ ಸಾಲಲ್ಲೋ ತಮ್ಮಾ ಅಂತ. ಕೆಳಗ ನೋಡಿದ್ರ ಚಹಾ ಪುಡಿ ಜಾಹೀರಾತು ಇತ್ತು, ಇಷ್ಟಗಲ!"

ಈ ಮಾತಿಗೆ ಅವರೇ ಮೊದಲು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವರ ಈ ಸ್ವಭಾವ ನನ್ನಲ್ಲಿ ಮೊದಲಿನಿಂದಲೂ ಕಿರಿಕಿರಿ ಹುಟ್ಟಿಸುತ್ತಿತ್ತೆಂಬುದನ್ನು ಇಲ್ಲಿ ಮುಚ್ಚಿಡಬಾರದು.

ತೊಂದರೆ ಬಂದದ್ದು ಮೇಲಿನಿಂದ. ಮಳಿಗೆಯ ಮೇಲಂತಸ್ತಿನಲ್ಲಿ ಒಂದು ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಮಾಸ್ತರರು ಸಜ್ಜನರು, ಶಿಸ್ತಿನವರು. ಅವರು ನಮ್ಮ ಕಚೇರಿಗೆ ಬಂದು ಸಾಹೇಬರ ಮುಂದೆ ನಿಂತು ಹೇಳಿದ ದೂರನ್ನು ನಾನು ಪಕ್ಕದ ಮೇಜಿನಿಂದ ಕೇಳಿದೆ.

"ನಮ್ಮ ಹುಡುಗ್ಯಾರ ಬೆರಳು ಕೆಳಗಿನ ಮಷೀನಿನ ಬೆನ್ನ ಹತ್ಯಾವ್ರಿ ಸಾಹೇಬ್ರ. ಅದು ನಿಧಾನ ಬಡದ್ರ ಇವರೂ ನಿಧಾನ. ಕೆಳಗ ಯಾವನರ ಸಾಯಾಕತ್ತಂದ್ರ ಸಾಕು, ಮ್ಯಾಲ ಇಪ್ಪತ್ತು ಮಷೀನೂ ಓಡತಾವ! ಯಾರ ಹಾಳಿ ನೋಡಿದ್ರೂ ಕಡೀ ಸಾಲು ತಪ್ಪೇ ತಪ್ಪು. ಆ ಆಟ ನಾವು ಕಣ್ಣಿಲೆ ನೋಡಿಲ್ಲ. ಆದ್ರ ಯಾವಾಗ ಸೋಲ್ತಾರ ಅಂತ ಎಲ್ಲಾರ್ಗೂ ಗೊತ್ತಾಗ್ತದ. ಮುಂದಿನ ತಿಂಗಳ ಪರೀಕ್ಷಾ ಅದ."

ಸಾಹೇಬರು ನನ್ನ ಕಡೆ ನೋಡಿ ನೋಟಿಸು ತಯಾರಿಸಲು ಹೇಳಿದರು. ದೂರಿನಲ್ಲಿ ನ್ಯಾಯವಿತ್ತು, ನಾನು ಬರೆದೆ. 'ಆಟದ ಯಂತ್ರಗಳಿಂದ ಹೊರಡುವ ಸಮಸ್ತ ಧ್ವನಿಯನ್ನು ಈ ಕೂಡಲೇ ಸ್ಥಗಿತಗೊಳಿಸತಕ್ಕದ್ದು.' ಚಿಕ್ಕದು, ಚೊಕ್ಕದು. ಕಾಕಾ ಅವರಿಗೆ ಅದನ್ನು ಮುಟ್ಟಿಸಲು ನಾನೇ ಹೋದೆ. ಅವರು ಅಲ್ಲಿಯೇ ಎರಡೂ ಯಂತ್ರಗಳ ಹಿಂಬದಿ ತೆಗೆದು ಸ್ಪೀಕರಿನ ತಂತಿ ಕಿತ್ತರು.

ಆಮೇಲಿನ ಒಂದು ವಾರ ಆ ಮಳಿಗೆ ನೋಡುವ ಹಾಗಿರಲಿಲ್ಲ. ಯಂತ್ರಗಳು ಮಿನುಗುತ್ತಿದ್ದವು, ವೈರಿಗಳು ಇಳಿಯುತ್ತಿದ್ದವು, ಆದರೆ ಆಡುವವರು ಆಕಳಿಸುತ್ತಿದ್ದರು. ಕಂಡಕ್ಟರರು ಒಂದು ಆಟ ಅರ್ಧಕ್ಕೇ ಬಿಟ್ಟು, "ಇದೇನ್ರಿ ಕಾಕಾ, ಹೆಣದ ಮುಂದ ನಿಂತಂಗ ಆಗ್ತದ" ಎಂದು ಹೊರಟೇಹೋದರು. ಕಾಕಾ ಅವರ ಬಸ್ಸು ಬರುವುದರೊಳಗೆ ಮಳಿಗೆಯೇ ಖಾಲಿಯಾಗಿರುತ್ತಿತ್ತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ನಾನು ಆಡುತ್ತಿದ್ದೆ. ಅವತ್ತು ಕಚೇರಿಯಲ್ಲಿ ಒಂದು ತಪ್ಪಿಗಾಗಿ ಬೈಸಿಕೊಂಡು ಬಂದಿದ್ದೆ. ನನ್ನ ಬೆನ್ನ ಹಿಂದೆ, ಮರದ ಬೆಂಚಿನ ಮೇಲೆ, ಮೊದಲು ಒಂದು ಪೆಟ್ಟು ಕೇಳಿಸಿತು. ಆಮೇಲೆ ಇನ್ನೊಂದು. ನಾನು ತಿರುಗಲು ಹೋದಾಗ ಕಾಕಾ ಗದರಿಸಿದರು.

"ಹಿಂದ ನೋಡಬ್ಯಾಡ್ರಿ. ಮುಂದ ನೋಡ್ರಿ, ಅವು ಇಳ್ಯಾಕತ್ತಾವ."

ಅವರು ಎರಡೂ ಕೈಯ ಬೆರಳುಗಳಿಂದ ಬೆಂಚಿನ ಹಲಗೆಯನ್ನು ನುಡಿಸುತ್ತಿದ್ದರು. ಎಡ ಅಂಗೈಯ ಬುಡದಿಂದ ಯಂತ್ರದ್ದೇ ದಪ್ಪ ಪೆಟ್ಟು. ಬಲಗೈ ಬೆರಳುಗಳಿಂದ ಅದರ ಮೇಲೆ ಸಣ್ಣ ಸಣ್ಣ ಪೆಟ್ಟುಗಳ ಬಳ್ಳಿ. ವೈರಿಗಳು ಕಡಿಮೆಯಾದವು, ಬಿರುಸಾದವು. ಈಗ ಹಲಗೆಯೂ ಬಿರುಸಾಗುತ್ತದೆ, ನನ್ನ ಕೈ ನಡುಗುತ್ತದೆ, ನಾನು ಸೋಲುತ್ತೇನೆ ಎಂದು ಕಾದೆ. ಹಲಗೆ ಬಿರುಸಾಗಲಿಲ್ಲ. ವೈರಿಗಳು ಓಡಿದಷ್ಟೂ ಅವರ ಕೈ ಇನ್ನೂ ಸ್ವಲ್ಪ ನಿಧಾನವಾಯಿತು. ಮಗುವಿನ ಬೆನ್ನು ತಟ್ಟುವ ಲಯಕ್ಕೆ ಇಳಿಯಿತು. ನನ್ನ ಉಸಿರು ಅದನ್ನು ಹಿಂಬಾಲಿಸಿತು. ಕೊನೆಯ ಜೀರುಂಡೆ ಗುಂಡಿಗೆ ಸಿಕ್ಕು ಚೂರಾದಾಗ ನಾನು ಮೊದಲ ಬಾರಿಗೆ ಆ ಹಂತ ದಾಟಿದ್ದೆ.

ತಿರುಗಿ ನೋಡಿದೆ. ಕಾಕಾ ಪೂರ್ತಿ ಬೆವತಿದ್ದರು.

"ಯಂತ್ರ ಜೋರಾದಾಗ ನೀವೇಕೆ ನಿಧಾನ ಮಾಡಿದಿರಿ?"

"ಮಷೀನು ನಿಮ್ಮನ್ನ ಹೆದರಸ್ತದ. ಅದರ ಕೆಲಸ ಅದು. ನಾನೂ ಹೆದರಸಿದ್ರ ನಿಮ್ಮ ಕಡೀಗೆ ಯಾರ ಇರಬೇಕು?" ಎಂದು ಟೊಪ್ಪಿಗೆಯಿಂದ ಮುಖ ಒರೆಸಿಕೊಂಡರು. "ಅದರ ಬಾಜಾಕ್ಕ ಒಂದ ಐಬು ಅದ, ಬಿ.ಎ. ಸಾಹೇಬ್ರ. ಅದು ಆಡಾವನ ಮುಖ ನೋಡಂಗಿಲ್ಲ. ಎಲ್ಲಾರ್ಗೂ ಒಂದಾ ನಮೂನಿ ಬಡೀತದ. ನಾ ನಿಮ್ಮ ಕುತ್ತಿಗಿ ನೋಡಾಕತ್ತಿದ್ದೆ. ನರ ಉಬ್ಬಿತ್ತು."

ಈ ಮಾತನ್ನು ನಾನು ಅನೇಕ ಸಲ ಯೋಚಿಸಿದ್ದೇನೆ. ಸಂಗೀತವು ಮನಸ್ಸಿನ ಮೇಲೆ ಪರಿಣಾಮ ಮಾಡುತ್ತದೆಂದು ಪುಸ್ತಕಗಳಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಎರಡು ಪುಟದ ಉತ್ತರವನ್ನೂ ಬರೆದಿದ್ದೆ. ಕುತ್ತಿಗೆಯ ನರ ನೋಡಿ ನುಡಿಸುವ ಸಂಗತಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಮಳಿಗೆ ಮತ್ತೆ ತುಂಬಿತು. ದೂರದಿಂದ ನಿದ್ದೆಗೆಟ್ಟು ಬಂದ ಲಾರಿ ಚಾಲಕನಿಗೆ ಕಾಕಾ ಆರಂಭದಿಂದಲೇ ದುಡುಕಿನ ನಡೆ ಕೊಟ್ಟು ಎಚ್ಚರಿಸುತ್ತಿದ್ದರು. ಕಂಡಕ್ಟರರಿಗೆ ನೇರ ನಡೆ, ಅದರಲ್ಲಿ ಆಗಾಗ ಒಂದು ತುಂಟ ತಿರುವು. ತನ್ನ ಬಗ್ಗೆ ಅತಿಯಾದ ಅಭಿಮಾನವಿದ್ದ ಒಬ್ಬ ಕಾಲೇಜು ತರುಣನಿಗೆ, ಅವನು ಗೆಲ್ಲುವ ಹೊತ್ತಿಗೆ, ಥಟ್ಟನೆ ಕೈ ಎತ್ತಿ ನಿಶ್ಶಬ್ದ ಮಾಡಿಬಿಡುತ್ತಿದ್ದರು. ಅವನು ಕಾಲಕೆಳಗೆ ನೆಲವೇ ಇಲ್ಲದವನಂತೆ ತಡಬಡಿಸುತ್ತಿದ್ದ. "ಕಾಕಾ, ಯಾಕ ನಿಲ್ಲಿಸಿದ್ರಿ?" ಎಂದು ಕೂಗಿದರೆ, "ನಿನಗ ಯಾರದೂ ದರಕಾರ ಇಲ್ಲ ಅಂದ್ಯಲ್ಲ, ಅದಕ್ಕ" ಎನ್ನುತ್ತಿದ್ದರು. ಕರೆಂಟು ಹೋಗಿ ಗಾಜು ಕಪ್ಪಾದರೂ ಅವರ ಕೈ ಒಮ್ಮೆಲೇ ನಿಲ್ಲುತ್ತಿರಲಿಲ್ಲ. ಎತ್ತಿಕೊಂಡ ತಾಳದ ಆವರ್ತನ ಮುಗಿಸಿ, ಆಟಗಾರನನ್ನು ಮೆಲ್ಲಗೆ ನೆಲಕ್ಕಿಳಿಸಿ, ಆಮೇಲೆ ನಿಲ್ಲುತ್ತಿತ್ತು.

ಜನ ಆಡಲು ಬರುತ್ತಿದ್ದಾರೋ ಕೇಳಲು ಬರುತ್ತಿದ್ದಾರೋ ಎಂಬುದು ತಿಳಿಯದಂತಾಯಿತು. ಹಾಗಾಗಿ ಟೈಪಿಂಗ್ ಮಾಸ್ತರರು ಎರಡನೆಯ ಬಾರಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು.

"ಮಷೀನು ಸುಮ್ಮನಾತು, ಈಗ ಮನಷ್ಯಾ ಶುರು ಮಾಡ್ಯಾನ್ರಿ!"

ಸಾಹೇಬರು ನನ್ನ ಹಳೆಯ ನೋಟಿಸನ್ನು ತರಿಸಿ, ಕನ್ನಡಕ ಏರಿಸಿ ಓದಿದರು. ಕಚೇರಿಯವರೆಲ್ಲ ಕೇಳುವ ಹಾಗೆ ಹೇಳಿದರು: "ಏನ್ರಿ ಬಿ.ಎ., ಇದರಾಗ ಯಂತ್ರದ ಧ್ವನಿ ಅಂತ ಅಷ್ಟ ಅದ. ನಿಮ್ಮ ಆರ್ಡರಿಗೆ ತೂತ ಬಿದ್ದದ, ಅದರಾಗಿಂದ ಅಂವಾ ತಬಲಾ ಬಾರಸ್ಕೋತ ಹೊಂಟಾನ. ಎಷ್ಟ ಕ್ಲಾಸಿನ್ಯಾಗ ಪಾಸಾಗೀರಿ?"

ಎಲ್ಲರೂ ನಕ್ಕರು. ಜವಾನನೂ ನಕ್ಕ.

ಇಲ್ಲಿ ನಡೆದುದನ್ನು ಸರಿಯಾಗಿ ಬರೆಯಬೇಕು. ಸಾಹೇಬರು ನನಗೆ ಹೇಳಿದ್ದು, 'ಇನ್ನೊಂದು ನೋಟಿಸು ಹಾಕ್ರಿ' ಎಂದಷ್ಟೇ. ಅವರಿಗೆ ಆ ಮಳಿಗೆಯ ಬಗ್ಗೆ ದ್ವೇಷವಿರಲಿಲ್ಲ. 'ಮೆಲ್ಲಗೆ ನುಡಿಸತಕ್ಕದ್ದು' ಎಂದು ಬರೆಯಬಹುದಿತ್ತು. 'ಟೈಪಿಂಗ್ ತರಗತಿಯ ವೇಳೆಯಲ್ಲಿ ಮಾತ್ರ ನಿಲ್ಲಿಸತಕ್ಕದ್ದು' ಎಂದು ಬರೆಯಬಹುದಿತ್ತು. ಸಾಹೇಬರು ಅದಕ್ಕೂ ಸಹಿ ಹಾಕುತ್ತಿದ್ದರು, ಅವರು ಓದದೆಯೇ ಸಹಿ ಹಾಕುವವರು. ಕಾಕಾ ಉಳಿಯುತ್ತಿದ್ದರು, ಹುಡುಗಿಯರ ಪರೀಕ್ಷೆಯೂ ಆಗುತ್ತಿತ್ತು. ಇಷ್ಟು ಸಾಮಾನ್ಯ ಉಪಾಯ ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ. ಆ ನಗು ನನ್ನ ಕಿವಿಯಲ್ಲಿತ್ತು. ಕೋಣೆಗೆ ಹೋಗಿ ನಿಘಂಟು ತೆಗೆದು ಮೂರು ಕರಡು ಬರೆದೆ. ಒಂದು ಇರುವೆಯೂ ನುಸುಳದ ಹಾಗೆ ಒಂದು ವಾಕ್ಯ ಕಟ್ಟಿದೆ.

ಮೇಲೆ ಕಾಕಾ ಅವರ ಪೂರ್ತಿ ಹೆಸರು, ಹೆಸರಿನ ಮುಂದೆ ಶ್ರೀ. ಅದರ ಕೆಳಗೆ: 'ಮೇಲ್ಕಂಡ ಶ್ರೀಯುತರು ಸದರಿ ಅಂಗಡಿಯಲ್ಲಿ, ಆಟಗಾರರ ಮನಸ್ಸಿನ ಮೇಲೆ ಪರಿಣಾಮವಾಗುವಂತೆ, ಎರಡೂ ಕೈಬೆರಳುಗಳಿಂದ ಮರದ ಹಲಗೆಯ ಮೇಲೆ ಲಯಬದ್ಧವಾಗಿಯೂ ನುರಿತ ರೀತಿಯಲ್ಲಿಯೂ ನುಡಿಸುತ್ತಿರುವ ವಾದನವನ್ನು ಈ ಮೂಲಕ ನಿಷೇಧಿಸಲಾಗಿದೆ.'

'ನುರಿತ' ಎಂಬ ಪದವನ್ನು ಸೇರಿಸಿದ್ದು ಏಕೆಂದರೆ ಅದು ನಿಜವಾಗಿತ್ತು. ಸಂಗತಿಯನ್ನು ಇದ್ದ ಹಾಗೆ ಬರೆಯಬೇಕೆಂದು ನಾನು ನಂಬಿದ್ದೆ. ಸಾಹೇಬರು ಓದಿ, "ಈಗ ಬರೋಬರಿ ಆತು ನೋಡ್ರಿ" ಎಂದು ಮೆಚ್ಚಿದರು. ನಾಚಿಕೆಯ ಮಾತು: ಆ ಕ್ಷಣದಲ್ಲಿ ನನಗೆ ಸಂತೋಷವಾಯಿತು.

ಮಳಿಗೆಗೆ ಹೋಗಿ ಅದನ್ನು ಕಾಕಾ ಅವರ ಕೈಗೆ ಕೊಟ್ಟಾಗ, ಅವರು ಅಕ್ಷರ ಓದಬಲ್ಲವರಾದರೂ, "ನೀವ ಓದ್ರಿ, ಚಷ್ಮಾ ಮನ್ಯಾಗ ಅದ" ಎಂದರು. ಓದಿದೆ. ಅವರು ತಲೆ ತಗ್ಗಿಸಿ ಕೇಳಿದರು. "ಅದೊಂದ ಸಾಲ ಇನ್ನೊಮ್ಮಿ ಓದ್ರಿ" ಎಂದರು. ಮತ್ತೆ ಓದಿದೆ.

"ನುರಿತ ಅಂತ ಬರದೀರೇನು?"

"ಹೌದು."

"ಬರದಾವ್ರು ನೀವಾ?"

ಮೊದಲ ಬಾರಿಗೆ ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಸಾಹೇಬರು ಹೇಳಿದರು, ನಾನು ಬರೆದೆ, ಎನ್ನಬೇಕೆಂದಿದ್ದೆ. ಆದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕುತ್ತಿಗೆ ನೋಡುತ್ತಿದ್ದರು.

"ಇದರದ ಒಂದ ನಕಲು ಬೇಕ್ರಿ. ಗುಂಡನ ಶಿಕ್ಕಾ ಹೊಡದು ಕೊಡ್ರಿ."

ಮೇಲ್ಮನವಿಗೆ ಕೇಳುತ್ತಿದ್ದಾರೆಂದು ತಿಳಿದು ನನಗೆ ಜೀವ ಬಂದಂತಾಯಿತು. ಅಂದೇ ನಕಲು ತಯಾರಿಸಿ, ಮೊಹರು ಹಾಕಿಸಿ ತಂದುಕೊಟ್ಟೆ. "ಕಾಕಾ, ಮೇಲಿನ ಕಚೇರಿಗೆ ಅರ್ಜಿ ಕೊಡಿ. ವೇಳೆ ನಿಗದಿ ಮಾಡಿ ಅನುಮತಿ ಕೊಡಬೇಕೆಂದು ಕೇಳಿ. ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ" ಎಂದೆ.

ಅವರು ನಕಲನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡರು.

"ಹುಕುಂ ಬರ್ಯಾವ್ರೂ ನೀವ, ಅರ್ಜಿ ಬರ್ಯಾವ್ರೂ ನೀವ. ನಡುವ ನಾ ಯಾಕ್ರಿ, ಬಿ.ಎ. ಸಾಹೇಬ್ರ?"

ಅವರು ನಗುತ್ತಲೇ ಹೇಳಿದರು. ಕಂಡಕ್ಟರರೂ ಅಲ್ಲಿದ್ದರು, ಅವರೂ ನಕ್ಕರು. ಆ ನಗು ಕಚೇರಿಯ ನಗುವಿಗಿಂತ ಕಷ್ಟವಾಯಿತು.

ಮುಂದಿನ ತಿಂಗಳು ಪೂರ್ತಿ ನಾನು ಅವರ ಬೆನ್ನು ಬಿಡಲಿಲ್ಲ. ಅರ್ಜಿ ಬರೆದು ತೆಗೆದುಕೊಂಡು ಹೋದೆ, ಸಹಿ ಹಾಕಲಿಲ್ಲ. ಅದನ್ನೇ ತಿದ್ದಿ, ಇನ್ನೂ ವಿನಯದಿಂದ ಬರೆದು ತೆಗೆದುಕೊಂಡು ಹೋದೆ. ಅದನ್ನು ಮಡಚಿ ಬೆಂಚಿನ ಕುಂಟುವ ಕಾಲಿನ ಕೆಳಗೆ ಇಟ್ಟರು. "ನೋಡ್ರಿ, ಈಗ ಬೆಂಚ್ ಗಟ್ಟಿ ನಿಂತದ" ಎಂದರು. ನಾನು ಸಿಟ್ಟಾಗಿ, "ನಿಮಗೆ ನಿಮ್ಮ ವಿದ್ಯೆಯ ಮೇಲೆಯೇ ಮರ್ಯಾದೆ ಇಲ್ಲ" ಎಂದುಬಿಟ್ಟೆ. ತಂದೆಯ ವಯಸ್ಸಿನವರಿಗೆ ಆಡಬಾರದ ಮಾತು. ಅವರು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಬೆರಳುಗಳು ಹಲಗೆಯ ಮೇಲಿರಲಿಲ್ಲ, ತೊಡೆಯ ಮೇಲಿದ್ದವು. ಅವು ಅಲ್ಲಿಯೂ ಅಲುಗುತ್ತಿರಲಿಲ್ಲ. ಆದೇಶವನ್ನು ಅವರಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

ಜನ ಬರುವುದು ನಿಂತಿತು. ಅಳಿಯ ಒಂದು ದಿನ ಲಾರಿ ತಂದು ಯಂತ್ರಗಳನ್ನು ಸೊಲ್ಲಾಪುರಕ್ಕೆ ಒಯ್ದ. ಕಾಕಾ ಬೆಂಚನ್ನು ಮಾತ್ರ ಬಿಟ್ಟುಕೊಡದೆ ಬಸವಕಲ್ಯಾಣದ ಬಸ್ಸಿನ ಮೇಲೆ ಹಾಕಿಸಿದರು. ಕಂಡಕ್ಟರರು ಮೇಲೆ ಹತ್ತಿ ಕಟ್ಟಿದರು. ನಾನು ಕೆಳಗೆ ನಿಂತಿದ್ದೆ. "ಊರ ಕಡೆ ಬರ್ರಿ ಒಮ್ಮಿ, ತ್ರಿಪುರಾಂತ ಕೆರಿ ಸಮೀಪ ಮನಿ" ಎಂದು ಕಿಟಕಿಯಿಂದ ಹೇಳಿದರು. ಬರುತ್ತೇನೆ ಎಂದೆ.

ಹೋಗಲಿಲ್ಲ. ಒಂದು ಗಂಟೆಯ ದಾರಿ. ಭಾನುವಾರ ಬಂದಾಗಲೆಲ್ಲ ಹೊರಡಬೇಕೆನ್ನುತ್ತಿದ್ದೆ. ಅರ್ಜಿಯ ವಿಚಾರ ಮತ್ತೆ ಎತ್ತಬೇಕಾದೀತು, ಜಗಳವಾದೀತು ಎಂದು ವರ್ಷಗಟ್ಟಲೆ ಮುಂದೂಡುತ್ತಿದ್ದೆ. ಈ ನಡುವೆ ಟೈಪಿಂಗ್ ಮಾಸ್ತರರು ಒಮ್ಮೆ ಚಹಾದ ಅಂಗಡಿಯಲ್ಲಿ ಸಿಕ್ಕು ಹೇಳಿದ ಮಾತು ನನ್ನನ್ನು ಇನ್ನಷ್ಟು ಕೆರಳಿಸಿತು. "ಖರೇ ಹೇಳ್ಬೇಕಂದ್ರ, ಆ ಮುದುಕಾ ಹಲಗಿ ಬಾರಸಾಕತ್ತಿದಾಗ ನಮ್ಮ ಹುಡುಗ್ಯಾರು ಛಲೋ ಹೊಡೀತಿದ್ರು. ಮಷೀನಿನಂಗ ಓಡಸ್ತಿರಲಿಲ್ಲ ಅಂವಾ. ಈಗ ಬೆರಳು ಸತ್ತಂಗ ಆಗ್ಯಾವ." ಇದನ್ನು ಅವರು ನನಗೆ ಏಕೆ ಹೇಳಬೇಕಿತ್ತು? ದೂರು ಕೊಟ್ಟವರು ಅವರು. ಸಹಿ ಹಾಕಿದವರು ಸಾಹೇಬರು. ಒಪ್ಪಿಕೊಂಡವರು ಕಾಕಾ. ಸಿಟ್ಟು ಮಾತ್ರ ನನ್ನ ಪಾಲಿಗೆ ಬಂತು, ಅದನ್ನು ಯಾರ ಮೇಲೆ ತೀರಿಸಬೇಕೆಂಬುದು ಇಂದಿಗೂ ತಿಳಿದಿಲ್ಲ.

ಕಂಡಕ್ಟರರು ಸುದ್ದಿ ಹೇಳಿದ ಮರುದಿನ ರಜೆ ಹಾಕಿ ಬಸವಕಲ್ಯಾಣಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ಬೆಂಚು ಕಟ್ಟೆಯ ಮೇಲೆ ಇತ್ತು, ಅದರ ಮೇಲೆ ಹಪ್ಪಳ ಒಣಹಾಕಿದ್ದರು. ಕಾಕಾ ಅವರ ಪತ್ನಿ, ಕಾಕು, ನನ್ನನ್ನು ಒಳಗೆ ಕೂರಿಸಿದರು. ನಾನು ಯಾರೆಂದು ಹೇಳಲು ಹೋದಾಗ ತಡೆದರು.

"ಗೊತ್ತಾತು ಬಿಡ್ರಿ. ಬಿ.ಎ. ಅಲ್ಲಾ? ಕುತ್ತಿಗಿ ನೋಡಿದ್ರ ಗೊತ್ತಾಗ್ತದ ಅಂತಿದ್ರು."

ಗೋಡೆಯ ಮೇಲೆ ದೇವರ ಪಟಗಳಿದ್ದವು. ಅವುಗಳ ಸಾಲಿನಲ್ಲಿಯೇ, ಅಷ್ಟೇ ಎತ್ತರಕ್ಕೆ, ಗಾಜು ಮತ್ತು ಮರದ ಚೌಕಟ್ಟು ಹಾಕಿದ ಒಂದು ಕಾಗದ ತೂಗುತ್ತಿತ್ತು. ನಾಲ್ಕು ಮಡಿಕೆಯ ಗುರುತು, ಕೆಳಗೆ ದುಂಡನೆಯ ನೇರಳೆ ಮೊಹರು. ಹತ್ತಿರ ಹೋಗುವ ಮೊದಲೇ ಅದು ಏನೆಂದು ನನಗೆ ತಿಳಿಯಿತು.

"ಬಂದಾವ್ರಿಗೆಲ್ಲ ಅದನ್ನ ತೋರಸ್ತಿದ್ರು" ಎಂದರು ಕಾಕು. "ಇಷ್ಟ ವರ್ಷ ಬಾರಿಸೀನಿ, ನನ್ನ ಹೆಸರು ಹಾಕಿ, ಮುಂದ ಶ್ರೀ ಹಚ್ಚಿ, ನನ್ನ ಕೈ ಹ್ಯಾಂಗ ನಡೀತದ ಅಂತ ಬರದದ್ದು ಇದೊಂದ ಕಾಗದ ಅಂತಿದ್ರು. ಸರಕಾರದ್ದು. ಶಿಕ್ಕಾ ಬ್ಯಾರೆ ಅದ. ನಂಗ ಓದಾಕ ಬರಲ್ರಿ. ಅಳಿಯ ಓದಿ ಹೇಳ್ತೀನಿ ಅಂದ. ಇವರು ಬ್ಯಾಡ ಅಂದ್ರು. ಬರದ ಹುಡುಗ ಒಂದಿನ ಬರ್ತಾನ, ಅವನ ಬಾಯಿಂದ ಕೇಳು ಅಂತಿದ್ರು. ದಾರಿ ನೋಡೇ ನೋಡಿದ್ರು ಪಾಪ." ಅವರು ಸೆರಗಿನಿಂದ ಗಾಜು ಒರೆಸಿದರು. "ಈಗ ಬಂದೀರಿ. ಓದ್ರಿ."

ಕಾಗದ ಹಿಡಿದ ನನ್ನ ಅಪ್ಪ ನನ್ನ ಮುಖವನ್ನು ನೋಡುತ್ತಿದ್ದ ಹಾಗೆಯೇ ಅವರು ನೋಡುತ್ತಿದ್ದರು.

ನಾನು ಎದ್ದು ನಿಂತು ಓದಿದೆ. ಹೆಸರು ಓದಿದೆ, ಶ್ರೀ ಸಹಿತ. 'ಮೇಲ್ಕಂಡ ಶ್ರೀಯುತರು ಸದರಿ ಅಂಗಡಿಯಲ್ಲಿ, ಆಟಗಾರರ ಮನಸ್ಸಿನ ಮೇಲೆ ಪರಿಣಾಮವಾಗುವಂತೆ, ಎರಡೂ ಕೈಬೆರಳುಗಳಿಂದ ಮರದ ಹಲಗೆಯ ಮೇಲೆ ಲಯಬದ್ಧವಾಗಿಯೂ ನುರಿತ ರೀತಿಯಲ್ಲಿಯೂ ನುಡಿಸುತ್ತಿರುವ ವಾದನ.'

ಅಲ್ಲಿಗೆ ನಿಲ್ಲಿಸಿದೆ. ನನ್ನ ನೌಕರಿಯಲ್ಲಿ ನಾನು ಯಾವ ಕಾಗದವನ್ನೂ ಅರ್ಧಕ್ಕೆ ಓದಿ ಬಿಟ್ಟವನಲ್ಲ.

"ಮುಂದ?" ಎಂದರು ಕಾಕು.

"ಮುಂದ ಸಹಿ ಅದ್ರಿ, ಕಾಕು."

ಅವರು ತಲೆದೂಗಿದರು. ಬಾಗಿಲಾಚೆ ಬೆಂಚಿನ ಮೇಲಿನ ಹಪ್ಪಳಗಳನ್ನು ಒಮ್ಮೆ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿದರು.

"ಇನ್ನೊಮ್ಮಿ ಓದ್ರಿ."

ಓದಿದೆ. ಎರಡನೆಯ ಸಲವೂ ಅದೇ ಜಾಗದಲ್ಲಿ ನಿಲ್ಲಿಸಿದೆ.